ಗೆದ್ದವನು ಏಳುವ ಹಾಗಿಲ್ಲ

ನಮ್ಮ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಮಳೆಗಾಲ ಬೇಸಿಗೆಯೆನ್ನದೆ ಬರುವ ಸುದ್ದಿಯೊಂದಿದೆ. ಊರಾಚೆಯ ತೋಟದ ಪಂಪ್‌ಹೌಸ್ ಹಿಂದೆ ಅಂದರ್ ಬಾಹರ್. ಖಚಿತ ಮಾಹಿತಿ ಮೇರೆಗೆ ಪೊಲೀಸರ ದಾಳಿ. ಆರು ಮಂದಿ ವಶಕ್ಕೆ, ಇಬ್ಬರು ಪರಾರಿ. ಇಷ್ಟು ಸಾವಿರ ನಗದು, ಮೂರು ಬೈಕು ಹಾಗೂ 52 ಇಸ್ಪೀಟ್ ಎಲೆ ಜಪ್ತಿ. ಆ 52 ಎನ್ನುವ ಲೆಕ್ಕದ ಬಗ್ಗೆ ನನಗೆ ಮೊದಲಿನಿಂದಲೂ ಗೌರವ. ಕತ್ತಲಲ್ಲಿ ಜನ ದಿಕ್ಕಾಪಾಲಾಗಿ ಓಡಿರುತ್ತಾರೆ, ಚಾಪೆ ಮಗುಚಿರುತ್ತದೆ, ಯಾರದೋ ಪಂಚೆ ಬೇಲಿಗೆ ಸಿಕ್ಕಿರುತ್ತದೆ. ಆದರೂ ಒಂದೆಲೆ ಕಳೆದಿರುವುದಿಲ್ಲ. ನಮ್ಮ ಮನೆಯಲ್ಲಿ ದಾಳಿ ಗೀಳಿ ಏನೂ ಇಲ್ಲದೆ ಬೀರುವಿನಲ್ಲಿ ತಣ್ಣಗೆ ಕೂತಿರುವ ಕಟ್ಟಿನಲ್ಲಿ ಎಂದೂ 52 ಇದ್ದದ್ದಿಲ್ಲ. ಕಲಾವರ್ ನಾಲ್ಕರ ಜಾಗದಲ್ಲಿ ಸೋದರಮಾವನ ಮಗಳ ಮದುವೆ ಕರೆಯೋಲೆಯ ತುಂಡೊಂದು ಬಹಳ ಕಾಲದಿಂದ ಸೇವೆ ಸಲ್ಲಿಸುತ್ತಿದೆ. ಬೆನ್ನ ಮೇಲೆ ಗಣಪತಿ ಇರುವುದರಿಂದ ಅದು ಯಾರ ಕೈಯಲ್ಲಿದೆಯೆಂದು ಎಲ್ಲರಿಗೂ ಗೊತ್ತಾಗುತ್ತದೆ. ಗೊತ್ತಾಗದವರಂತೆ ಆಡುವುದು ನಮ್ಮ ಮನೆತನದ ಮರ್ಯಾದೆ.

ನಾನು ಹೇಳಹೊರಟಿರುವ ಆಟದಲ್ಲಿ ಮಾತ್ರ ಎಲೆಗಳು 52 ಇದ್ದವು. ಪ್ಲಾಸ್ಟಿಕ್ಕಿನವು, ಒರೆಸಿಡಬಹುದಾದವು. ನಡೆದದ್ದು ಬೆಂಗಳೂರಿನ ಹೊರವರ್ತುಲ ರಸ್ತೆಯ ಪಕ್ಕದ ಅಪಾರ್ಟ್‌ಮೆಂಟೊಂದರ ಹದಿನೇಳನೇ ಮಹಡಿಯಲ್ಲಿ. ಪಂಪ್‌ಹೌಸ್ ಹಿಂದೆ ಆಡಿದರೆ ಜೂಜು, ಹದಿನೇಳನೇ ಮಹಡಿಯಲ್ಲಿ ಆಡಿದರೆ ಹೋಮ್ ಗೇಮ್. ಕಾನೂನಿಗೆ ಈ ವಿಷಯದಲ್ಲಿ ಸ್ವಲ್ಪ ತಲೆನೋವಿದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಅಡ್ಡೆ ನಡೆಸಿ ಲಾಭ ಮಾಡಿಕೊಳ್ಳುವವನನ್ನು ಹಿಡಿಯುತ್ತದೆ, ಬೀದಿಯಲ್ಲಿ ಕೂತು ಆಡುವವನನ್ನು ಹಿಡಿಯುತ್ತದೆ, ಕೌಶಲದ ಆಟವನ್ನು ಮಾತ್ರ ಬಿಟ್ಟುಬಿಡುತ್ತದೆ. ಯಾವುದು ಕೌಶಲ? 1967ರಲ್ಲಿ ಸುಪ್ರೀಂ ಕೋರ್ಟು, ರಮ್ಮಿಯಲ್ಲಿ ಬಿದ್ದ ಎಲೆ ನೆನಪಿಡಬೇಕು, ಹಿಡಿಯುವುದು ಯಾವುದು ಬಿಡುವುದು ಯಾವುದು ಎಂಬ ಬುದ್ಧಿ ಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲ ಎಂದಿತು. ಮೂರೆಲೆ ಆಟಕ್ಕೆ ಆ ಮರ್ಯಾದೆ ದಕ್ಕಲಿಲ್ಲ. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ಹೇಳಿತು. ಅದು ಜೂಜೇ ಎಂದು ಗುಜರಾತ್ ಹೈಕೋರ್ಟು 2017ರಲ್ಲಿ ಹೇಳಿತು. ಬೆಂಗಳೂರಿನಲ್ಲಿ ಬುದ್ಧಿವಂತಿಕೆ ಎನಿಸಿಕೊಂಡದ್ದು ಅಹಮದಾಬಾದಿನಲ್ಲಿ ಅಪರಾಧ. ಇದನ್ನೆಲ್ಲ ನನಗೆ ಹೇಳಿಕೊಟ್ಟವನು ನನ್ನ ಸ್ನೇಹಿತ ಆಡಿಟರು. ಆ ಮನೆಯವರು ಒಂದು ಪೈಸೆ ಕಮಿಷನ್ನೂ ತೆಗೆದುಕೊಳ್ಳುವುದಿಲ್ಲ ಎಂಬುದನ್ನು ದಾರಿಯಲ್ಲಿ ಅವನು ಅಷ್ಟು ಸಲ ಹೇಳಿದ್ದರಿಂದಲೇ ನನಗೆ ಸ್ವಲ್ಪ ಭಯವಾಗತೊಡಗಿತ್ತು.

ನನ್ನನ್ನು ಕರೆದೊಯ್ದದ್ದು ಆಡುವುದಕ್ಕಲ್ಲ, ಎಲೆ ಹಂಚುವುದಕ್ಕೆ. ಪ್ರತಿ ಸಲ ಹಂಚುವ ಹುಡುಗನಿಗೆ ಜ್ವರ ಬಂದಿತ್ತಂತೆ. ಹಾಸ್ಟೆಲಿನಲ್ಲಿದ್ದಾಗ ನಾನು ಎಲೆ ಕಲಸುತ್ತಿದ್ದ ಚಂದವನ್ನು ಆಡಿಟರು ಇಷ್ಟು ವರ್ಷ ನೆನಪಿಟ್ಟಿದ್ದ. ಆ ವಿದ್ಯೆ ನನಗೆ ಬಂದದ್ದು ಊರಿನ ಜಗಲಿಯಿಂದ. ಬಲಿಪಾಡ್ಯಮಿಯ ದಿನ ಆಡುವುದಕ್ಕೆ ಶಾಸ್ತ್ರದ ಒಪ್ಪಿಗೆಯೇ ಇದೆ. ದ್ಯೂತ ಪ್ರತಿಪದೆ ಎಂದು ಅದಕ್ಕೆ ಹೆಸರು. ಶಿವ ಪಾರ್ವತಿಯರು ಅವತ್ತು ಪಗಡೆಯಾಡಿದರೆಂದು ಪುರಾಣ. ಎಲ್ಲೋರದ ಗುಹೆಗಳಲ್ಲಿ ಅವರಿಬ್ಬರೂ ಆಡುತ್ತ ಕೂತಿರುವ ಶಿಲ್ಪವಿದೆ, ಅಲ್ಲಿ ಶಿವನ ಮುಖ ನೋಡಿದರೆ ಆಟ ಅವನ ಕಡೆಗಿಲ್ಲ ಎಂದೇ ನನ್ನ ಅನುಮಾನ. ನಮ್ಮ ಜಗಲಿಯಲ್ಲಿ ಪಣ ಹುಣಸೆ ಬೀಜ; ಮೀಸೆ ಬಂದ ಮೇಲೆ ನಾಲ್ಕಾಣೆ. ಕೌಶಲ ಮಾತ್ರ ಅಲ್ಲೇ ಕಲಿತದ್ದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಇಂಥ ಆಟಗಳೆಂದರೆ ಪ್ರಾಣ. ಅವರ ಕಾಲದ ಗಂಜೀಫದಲ್ಲಿ ಮುನ್ನೂರಕ್ಕೂ ಹೆಚ್ಚು ಎಲೆಗಳ ಕಟ್ಟೂ ಇತ್ತು. ಆಡಿದ ಅರಸರ ಹೆಸರು ಉಳಿದಿದೆ. ಅಷ್ಟನ್ನೂ ಕೂತು ಕಲಸಿದ ಬಡಪಾಯಿ ಯಾರೋ!

ಅವತ್ತಿನ ಆಟ ಪೋಕರು. ಅದು ಹೀಗೆ. ಪ್ರತಿಯೊಬ್ಬರ ಕೈಗೆ ಗುಟ್ಟಾಗಿ ಎರಡೆಲೆ, ಆಮೇಲೆ ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದೆಲೆ: ಮೊದಲು ಮೂರು, ಅದು ಫ್ಲಾಪು, ನಂತರ ಒಂದು, ಟರ್ನು, ಕೊನೆಯದು ರಿವರು. ಏಳರಲ್ಲಿ ಚೆನ್ನಾದ ಐದನ್ನು ಆರಿಸಿಕೊಳ್ಳಬೇಕು. ನಡುನಡುವೆ ಪಣ ಏರಿಸಬಹುದು, ಸರಿಗಟ್ಟಬಹುದು, ಎಲೆ ಮಡಚಿ ಸುಮ್ಮನಾಗಬಹುದು. ಅಷ್ಟೇ. ಕೈಗೆ ಬರಬಹುದಾದ ಎರಡೆಲೆಯ ಜೋಡಿಗಳು 1,326; ಅದರಲ್ಲಿ ಎರಡೂ ಎಕ್ಕ ಬರುವುದು 221 ಸಲಕ್ಕೆ ಒಂದು. ಉಳಿದ ಹೊತ್ತೆಲ್ಲ ಮನುಷ್ಯ ಎಕ್ಕ ಬಂದವನ ಮುಖ ಮಾಡಿಕೊಂಡು, ಅಥವಾ ಎಕ್ಕ ಬಂದಾಗ ಬಾರದವನ ಮುಖ ಮಾಡಿಕೊಂಡು ಕೂತಿರಬೇಕು. ಆಡಿಟರಿಗೆ ಈ ಆಟದ ಹುಚ್ಚು ಹತ್ತಿದ್ದು ಒಬ್ಬ ಸಹೋದ್ಯೋಗಿಯಿಂದ. 2003ರಲ್ಲಿ ಲಾಸ್ ವೇಗಸ್ಸಿನ ವಿಶ್ವ ಸರಣಿಯಲ್ಲಿ 25 ಲಕ್ಷ ಡಾಲರ್ ಗೆದ್ದ ಕ್ರಿಸ್ ಮನಿಮೇಕರ್ ಟೆನೆಸ್ಸಿಯ ಒಬ್ಬ ಅಕೌಂಟೆಂಟು. ಇಂಟರ್‌ನೆಟ್ಟಿನಲ್ಲಿ ಚಿಲ್ಲರೆ ದುಡ್ಡು ಕಟ್ಟಿ ಆಡಿ ಅಲ್ಲಿಯವರೆಗೆ ತಲುಪಿದವನು. ‘ನೋಡು, ಜಗತ್ತಿನಲ್ಲಿ ನಮ್ಮ ಕಸುಬಿನವನೊಬ್ಬ ಸಿನಿಮಾದವರ ಥರ ಕುಣಿದದ್ದು ಅದೊಂದೇ ಸಲ’ ಎಂದು ಆಡಿಟರು ಕಣ್ಣಲ್ಲಿ ನೀರು ತಂದುಕೊಂಡು ಹೇಳುತ್ತಾನೆ.

ಅವತ್ತು ಮೇಜಿನ ಸುತ್ತ ಕೂತವರು ಐವರು. ಮನೆಯ ಯಜಮಾನರು ಗ್ರಾನೈಟ್ ವ್ಯಾಪಾರಿ. ಸಕಲೇಶಪುರದ ಕಡೆಯಿಂದ ಜೀಪಿನಲ್ಲಿ ಬಂದಿದ್ದ ಕಾಫಿ ಪ್ಲಾಂಟರು. ಆಪರೇಷನ್ ಥಿಯೇಟರಿನಲ್ಲಿ ಜನರಿಗೆ ಮದ್ದು ಕೊಟ್ಟು ಮಲಗಿಸುವ ಡಾಕ್ಟರು. ಒಬ್ಬ ಸಾಫ್ಟ್‌ವೇರ್ ಹುಡುಗ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ದುಡ್ಡಿನ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸಿದ ಮೇಲೆ ಮೊದಲ ಬಾರಿಗೆ ಮನುಷ್ಯರ ಜೊತೆ ಆಡಲು ಬಂದವನು, ಎದುರಿನವರು ಉಸಿರಾಡುತ್ತಾರೆ ಎಂಬುದಕ್ಕೇ ಇನ್ನೂ ಒಗ್ಗಿಕೊಳ್ಳುತ್ತಿದ್ದ. ಐದನೆಯವನು ನಮ್ಮ ಆಡಿಟರು. ಕೂರಬೇಕಾದರೆ ಒಂದು ಲಕ್ಷ ಕಟ್ಟಬೇಕು. ಪ್ರತಿ ಸುತ್ತಿನಲ್ಲೂ ಎಲೆ ನೋಡುವ ಮೊದಲೇ ಒಬ್ಬರು ಐನೂರು, ಇನ್ನೊಬ್ಬರು ಸಾವಿರ ನಡುವೆ ಇಡಬೇಕು; ಆ ಸಾವಿರಕ್ಕೆ ಬಿಗ್ ಬ್ಲೈಂಡ್ ಎಂದು ಹೆಸರು.

ದುಡ್ಡು ಹೋದರೆ ಯಾರೂ ದುಡ್ಡು ಹೋಯಿತು ಎನ್ನುವುದಿಲ್ಲ ಎಂಬುದನ್ನು ನಾನು ಗಮನಿಸಿದೆ. ಪ್ಲಾಂಟರು ‘ಎರಡು ಮೂಟೆ ರೋಬಸ್ಟಾ ಹೋಯ್ತು’ ಎನ್ನುತ್ತಿದ್ದರು. ಡಾಕ್ಟರ ಲೆಕ್ಕ ‘ಒಂದು ಹರ್ನಿಯಾ, ಎರಡು ಸಿಸೇರಿಯನ್’. ಯಜಮಾನರು ಚದರಡಿಗಳಲ್ಲಿ ಸೋಲುತ್ತಿದ್ದರು. ಹುಡುಗ ಮಾತ್ರ ಎಷ್ಟು ಬಿಗ್ ಬ್ಲೈಂಡ್ ಎಂದು ಆಟದ ಭಾಷೆಯಲ್ಲೇ ಹೇಳುತ್ತಿದ್ದ, ಅವನಿನ್ನೂ ಮದುವೆಯಾಗಿಲ್ಲ. ಬಿಲ್ಲೆಗಳ ಮಹಿಮೆಯೂ ಇದರಲ್ಲಿದೆ. ಐದು ಸಾವಿರದ ಬಿಲ್ಲೆ ಹಸಿರು, ನೋಡಲು ಚಂದ, ಎರಡು ಒಟ್ಟಿಗೆ ತಾಗಿದರೆ ಕಿಣಿ ಎನ್ನುತ್ತದೆ. ಗೇಟಿನ ಬಳಿ ಎಳನೀರಿನವನ ಹತ್ತಿರ ಹತ್ತು ರೂಪಾಯಿಗೆ ಚೌಕಾಶಿ ಮಾಡಿ ಬಂದ ಡಾಕ್ಟರು, ಅಂಥ ಎಂಟು ಹಸಿರು ಬಿಲ್ಲೆಗಳನ್ನು ಕಿರುಬೆರಳಿನಿಂದ ಮುಂದೆ ತಳ್ಳಿ ಗೋಡಂಬಿ ಬಾಯಿಗೆ ಹಾಕಿಕೊಂಡರು. ಗೆದ್ದವರು ಹಂಚುವವನ ಕಡೆಗೂ ಒಂದು ಸಣ್ಣ ಬಿಲ್ಲೆ ಎಸೆಯುವುದು ಪದ್ಧತಿ. ಮೊದಲನೆಯದನ್ನು ನಾನು ‘ಬಿತ್ತು ಸಾರ್’ ಎಂದು ಹಿಂದಕ್ಕೆ ಕೊಟ್ಟೆ. ವಿವರಿಸಿದ ಮೇಲೆ ಯಾವುದನ್ನೂ ಹಿಂದಕ್ಕೆ ಕೊಡಲಿಲ್ಲ.

ಪೋಕರಿನ ಪುಸ್ತಕಗಳಲ್ಲಿ ಗಣಿತವಿದೆ, ಮನಶ್ಶಾಸ್ತ್ರವಿದೆ. ದಾಕ್ಷಿಣ್ಯದ ಬಗ್ಗೆ ಒಂದು ಅಧ್ಯಾಯವೂ ಇದ್ದಂತಿಲ್ಲ. ಕ್ಯಾಸಿನೋದಲ್ಲಿ ಅದರ ಅಗತ್ಯವಿಲ್ಲ. ಪಣಜಿಯ ಮಾಂಡೋವಿ ಹೊಳೆಯ ಮೇಲಿನ ಹಡಗುಗಳಲ್ಲಿ ನೀವು ಗೆದ್ದು ಎದ್ದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಮನೆಯಾಟ ಬೇರೆ. ಅಲ್ಲಿ ಯಜಮಾನರ ತಾಯಿ ಕೈಯಾರೆ ಮಾಡಿದ ಕೋಡುಬಳೆ ತಿಂದಿರುತ್ತೀರಿ. ಸೋತವರ ಎದುರು ಕೂತಿರುತ್ತೀರಿ. ಅವರ ದುಡ್ಡನ್ನು ಜೇಬಿಗಿಳಿಸಿ ‘ಬರ್ತೀನಿ’ ಎನ್ನುವುದು ಹೇಗೆ? ಬೇಗ ಹೊರಡಬೇಕಿದ್ದರೆ ಕೂರುವ ಮೊದಲೇ ಹೇಳಿಬಿಡಬೇಕು ಎಂಬ ನಿಯಮವಿದೆ. ಆದರೆ ಬಾಗಿಲಲ್ಲಿ ‘ಬನ್ನಿ ಬನ್ನಿ’ ಎಂದು ಕೈ ಹಿಡಿದವರಿಗೆ ‘ಇಷ್ಟು ಗಂಟೆಗೆ ಹೋಗ್ತೀನಿ’ ಎನ್ನುವುದಕ್ಕೆ ನಮ್ಮವರಿಗೆ ಬಾಯಿ ಬರುವುದುಂಟೆ? ಹೀಗಾಗಿ ಗೆದ್ದವನಿಗೆ ಏಳಲು ಸಂಕೋಚ, ಸೋತವನಿಗೆ ಏಳಲು ಮನಸ್ಸಿಲ್ಲ. ಬೆಳಕು ಹರಿಯುವವರೆಗೆ ಆಟ ನಡೆಯುವುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಧರ್ಮರಾಯನ ಕಥೆಯೂ ಇದೇ ಅಲ್ಲವೆ? ಜೂಜು ಕೆಟ್ಟದ್ದೆಂದು ಅವನಿಗೆ ಗೊತ್ತಿತ್ತು, ಕರೆಯಲು ಬಂದ ವಿದುರನೂ ಅದನ್ನೇ ಹೇಳಿದ. ಆದರೆ ಕರೆದರೆ ಬರುವುದಿಲ್ಲ ಎನ್ನಲಾರೆ ಎಂಬುದು ಅವನ ವ್ರತ. ಎಲ್ಲ ಕಳೆದುಕೊಂಡ ಮೇಲೆ ಧೃತರಾಷ್ಟ್ರ ಎಲ್ಲವನ್ನೂ ಹಿಂದಕ್ಕೆ ಕೊಟ್ಟ, ಊರಿನ ದಾರಿ ಹಿಡಿದವರಿಗೆ ಮತ್ತೆ ಕರೆ ಬಂತು, ಮತ್ತೆ ಹೋದ. ಶಕುನಿಯ ದಾಳದ ಮೇಲೆ ನಾವು ಹೊರಿಸಿರುವ ಪಾಪದಲ್ಲಿ ಅರ್ಧವಾದರೂ ಆ ದಾಕ್ಷಿಣ್ಯದ ಪಾಲಿಗೆ ಹೋಗಬೇಕು. ಅದೇ ಧರ್ಮರಾಯನಿಗೆ ಕಾಡಿನಲ್ಲಿ ಬೃಹದಶ್ವ ಮುನಿ ಹೇಳುವುದು ನಳನ ಕಥೆ, ನಮ್ಮ ಕನಕದಾಸರು ನಳಚರಿತ್ರೆಯಾಗಿ ಹಾಡಿದ್ದು. ರಥದಲ್ಲಿ ಹೋಗುತ್ತಿದ್ದ ಋತುಪರ್ಣ ತಾರೆ ಮರವೊಂದನ್ನು ನೋಡಿದೊಡನೆ ಅದರಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಎಂದು ಹೇಳಿಬಿಡುತ್ತಾನೆ. ಸಾರಥಿಯ ವೇಷದ ನಳ ನಂಬದೆ ರಥ ನಿಲ್ಲಿಸಿ ಎಣಿಸುತ್ತಾನೆ, ಲೆಕ್ಕ ಸರಿಯಾಗಿರುತ್ತದೆ. ಆ ಲೆಕ್ಕದ ವಿದ್ಯೆಯೇ ಅಕ್ಷಹೃದಯ, ದಾಳದ ಗುಟ್ಟು. ಹಿಂದಿನವರು ಉರುಳಿಸುತ್ತಿದ್ದ ದಾಳವೂ ತಾರೆ ಕಾಯಿಯೇ. ಕಥೆ ಮುಗಿಸಿ ಮುನಿ ಅದನ್ನು ಧರ್ಮರಾಯನಿಗೂ ಕಲಿಸುತ್ತಾನೆ. ಆಮೇಲೆ ಅವನು ವಿರಾಟನ ಆಸ್ಥಾನದಲ್ಲಿ ಕಂಕಭಟ್ಟನಾಗಿ ದಾಳ ಹಾಕುವ ಕೆಲಸಕ್ಕೆ ಸೇರಿದ. ಗಣಿತ ಕಲಿಸಿದ ಮುನಿ, ಕರೆದಾಗ ‘ಇಲ್ಲ, ಬರೋಕಾಗಲ್ಲ’ ಎನ್ನುವ ವಿದ್ಯೆಯನ್ನು ಮಾತ್ರ ಕಲಿಸಿದಂತೆ ಕಾಣುವುದಿಲ್ಲ.

ನಮ್ಮ ಆಡಿಟರಿಗೆ ಅವತ್ತು ಬಂದ ಕಷ್ಟ ಹುಬ್ಬಳ್ಳಿ ಕಡೆಯ ರೈಲಿನಲ್ಲಿ ಬರುತ್ತಿತ್ತು. ಧಾರವಾಡದಿಂದ ಅತ್ತೆ ಹೊರಟಿದ್ದರು. ಆರೂಕಾಲಿಗೆ ಮೆಜೆಸ್ಟಿಕ್ಕಿನ ಸ್ಟೇಷನ್ನಿನಲ್ಲಿ ಅಳಿಯ ನಿಂತಿರಬೇಕು. ಎರಡು ಗಂಟೆಗೆ ಎದ್ದು ಮನೆಗೆ ಹೋಗಿ ಒಂದು ನಿದ್ದೆ ತೆಗೆದು ಹೋಗುವುದು ಅವನ ಯೋಜನೆ. ಎರಡು ಗಂಟೆಗೆ ನೋಡಿದರೆ ಅವನ ಮುಂದೆ ನಾಲ್ಕು ಲಕ್ಷದ ಬಿಲ್ಲೆ ಪೇರಿಸಿತ್ತು. ಪಕ್ಕದಲ್ಲಿ ಪ್ಲಾಂಟರು ಮೂರನೆಯ ಲಕ್ಷ ಕಟ್ಟಿ ಕೂತಿದ್ದರು. ಆಡಿಟರು ನನ್ನ ಮುಖ ನೋಡಿದ. ನಾನು ಎಲೆ ಕಲಸಿದೆ.

ಎರಡೂವರೆಯ ಹೊತ್ತಿಗೆ ಅವನಿಗೆ ಒಂದು ಉಪಾಯ ಹೊಳೆಯಿತು: ಸೋತುಬಿಡುವುದು. ಸೋತವನು ಎದ್ದು ಹೋದರೆ ಯಾರ ಮನಸ್ಸಿಗೂ ನೋವಿಲ್ಲ, ಬಾಗಿಲವರೆಗೆ ಬಂದು ಕಳಿಸಿಕೊಡುತ್ತಾರೆ. ಪೂರ್ತಿಯಲ್ಲ, ಮರ್ಯಾದೆಗೆ ತಕ್ಕಷ್ಟು. ಏಳು ಮತ್ತು ಎರಡು, ಬೇರೆ ಬೇರೆ ಬಣ್ಣ, ಈ ಆಟದ ಅತಿ ದರಿದ್ರ ಕೈ ಎಂದು ಹೆಸರಾದದ್ದು. ಅದು ಬಂದ ಕೂಡಲೇ ಮುಂದಿದ್ದ ಬಿಲ್ಲೆಯನ್ನೆಲ್ಲ ನಡುವೆ ನೂಕಿ ‘ಆಲ್ ಇನ್’ ಎಂದ. ಮೇಜು ಸ್ತಬ್ಧವಾಯಿತು. ಇಡೀ ರಾತ್ರಿ ಒಳ್ಳೆಯ ಎಲೆ ಬಂದ ಹೊರತು ಒಂದು ಬಿಲ್ಲೆಯನ್ನೂ ಅಲುಗಿಸದ ಮನುಷ್ಯ! ‘ಆಡಿಟರು ಸಹಿ ಹಾಕಿದ್ರು ಅಂದ್ರೆ ಮುಗೀತು ಕಣ್ರೀ’ ಎಂದು ಪ್ಲಾಂಟರು ರಾಜನ ಜೋಡಿ ತೋರಿಸಿ ಮಡಚಿದರು. ಉಳಿದವರೂ ಮಡಚಿದರು. ನಡುವೆ ಬಿದ್ದಿದ್ದ ದುಡ್ಡೂ ಆಡಿಟರಿಗೇ ಬಂತು.

ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಏಳು, ಅದೇ ಎರಡು. ಮತ್ತೆ ನೂಕಿದ. ಈ ಸಲ ಸಾಫ್ಟ್‌ವೇರ್ ಹುಡುಗ ಕುರ್ಚಿಯಿಂದ ಎದ್ದು ನಿಂತು ‘ಕಾಲ್!’ ಎಂದು ಎರಡು ಎಕ್ಕ ಮಗುಚಿ ತೋರಿಸಿದ. ಆಡಿಟರ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. ಎರಡು ಎಕ್ಕದ ಎದುರು ಏಳು-ಎರಡು ಗೆಲ್ಲುವುದು ನೂರಕ್ಕೆ ಹನ್ನೆರಡು ಸಲ. ಫ್ಲಾಪಿನಲ್ಲಿ ಒಂದು ಏಳು ಬಂತು. ನಾನು ಹಾಕಿದ್ದೇ. ಟರ್ನಿನಲ್ಲಿ ಏನೂ ಇಲ್ಲ. ರಿವರಿನಲ್ಲಿ ಇನ್ನೊಂದು ಏಳು. ಹುಡುಗ ಬಹಳ ಹೊತ್ತು ಆ ಎಲೆಯನ್ನೇ ನೋಡಿದ. ‘ಸರ್, ಇದನ್ನ ಯಾರಾದ್ರೂ ಆಲ್ ಇನ್ ಮಾಡ್ತಾರಾ?’ ಎಂದ. ಆಡಿಟರು ‘ಸಾರಿ ಕಣಪ್ಪಾ’ ಎಂದದ್ದು ಹೃದಯದಾಳದಿಂದ ಬಂದ ಮಾತು. ಹುಡುಗ ಅದನ್ನು ಹಾಗೆ ತಿಳಿಯಲಿಲ್ಲ. ಎದುರಿಗಿರುವವರು ತನ್ನ ಯಾವ ಸೂತ್ರಕ್ಕೂ ಸಿಗದ ಮಹಾ ಆಟಗಾರರೆಂದು ತೀರ್ಮಾನಿಸಿ, ಮತ್ತೆ ಒಂದು ಲಕ್ಷ ಕಟ್ಟಿ, ಅವರ ಕಣ್ಣನ್ನೇ ನೋಡುತ್ತ ಕಲಿಯಲು ಕೂತ. ಶಿಷ್ಯನನ್ನು ಬಿಟ್ಟು ಎದ್ದು ಹೋಗುವುದು ಇನ್ನೂ ಕಷ್ಟವಾಯಿತು.

ನಾಲ್ಕಕ್ಕೆ ಯಜಮಾನರ ತಾಯಿ ಎದ್ದರು. ಧನುರ್ಮಾಸ, ಸೂರ್ಯ ಹುಟ್ಟುವ ಮೊದಲು ಪೂಜೆ, ಹುಗ್ಗಿಯ ನೈವೇದ್ಯ. ಅಡುಗೆಮನೆಯಲ್ಲಿ ಹೆಸರುಬೇಳೆ ಹುರಿಯುವ ವಾಸನೆ ಬಂದೊಡನೆ ಮೇಜಿನ ಮೇಲಿದ್ದ ಕೆಲವು ಗ್ಲಾಸುಗಳು ತಾವಾಗಿಯೇ ಸೋಫಾದ ಹಿಂದಕ್ಕೆ ಹೋದವು. ಆಡಿಟರ ಫೋನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿತ್ತು. ಐದು ಗಂಟೆಗೆ ಅದು ಹೊಡೆದುಕೊಂಡಿತು. ಒಗ್ಗರಣೆ ಸೌಟು ಹಿಡಿದೇ ಅಮ್ಮ ಅದನ್ನೆತ್ತಿಕೊಂಡು ಮಾತಾಡಿದ್ದು ನಮಗೆ ಕೇಳಿಸಿತು. ‘ಹೂಂ ಕಣಮ್ಮ... ಇಲ್ಲೇ ಇದಾರೆ... ಏನೂ ಯೋಚ್ನೆ ಮಾಡ್ಬೇಡ.’ ಆಮೇಲೆ ಹಜಾರಕ್ಕೆ ಬಂದರು.

‘ನಿಮ್ಮಲ್ಲಿ ಆಡಿಟರು ಯಾರಪ್ಪಾ?’

ಆಡಿಟರು ಶಾಲೆಯಲ್ಲಿ ಹೆಸರು ಕೂಗಿಸಿಕೊಂಡವನಂತೆ ಎದ್ದು ನಿಂತ.

‘ಹೆಣ್ಣು ಕೊಟ್ಟ ಅತ್ತೆ ಸ್ಟೇಷನ್ನಲ್ಲಿ ಇಳೀತಾರಂತೆ, ನೀನಿಲ್ಲಿ ಎಲೆ ಹಿಡ್ಕೊಂಡು ಕೂತಿದೀಯ? ಹೊರಡು ಹೊರಡು. ಎರಡು ತುತ್ತು ಹುಗ್ಗಿ ಬಾಯಿಗೆ ಹಾಕ್ಕೊಂಡು ಹೊರಡು.’ ಮಗನ ಕಡೆ ತಿರುಗಿ, ‘ಏನೋ ಇದು, ಬಂದೋರನ್ನ ಹೀಗಾ ಕೂಡಿಹಾಕ್ಕೊಳ್ಳೋದು?’ ಎಂದರು.

ಗ್ರಾನೈಟ್ ಯಜಮಾನರು ನೆಲ ನೋಡಿದರು. ಮೂರು ಲಕ್ಷ ಸೋತ ಪ್ಲಾಂಟರು ‘ಹೌದು ಹೌದು, ಹೋಗಿ ಸಾರ್, ಅತ್ತೆ ಮುಖ್ಯ’ ಎಂದರು. ಇಡೀ ರಾತ್ರಿ ಸಾಧ್ಯವಾಗದ್ದು ಅರ್ಧ ನಿಮಿಷದಲ್ಲಿ ಆಯಿತು. ಬಿಲ್ಲೆ ಎಣಿಸಿದಾಗ 7,40,000. ಯುಪಿಐ ಒಂದು ದಿನಕ್ಕೆ ಒಂದು ಲಕ್ಷಕ್ಕಿಂತ ಹೆಚ್ಚು ಬಿಡುವುದಿಲ್ಲವಾದ್ದರಿಂದ ಕೊಡಬೇಕಾದವರೆಲ್ಲ ಅಷ್ಟಿಷ್ಟು ಕಳಿಸಿ, ಉಳಿದದ್ದನ್ನು ಒಂದು ಚೀಟಿಯ ಮೇಲೆ ಬರೆದುಕೊಂಡರು. ಹುಗ್ಗಿಯಲ್ಲಿ ಮೆಣಸು ಧಾರಾಳವಾಗಿತ್ತು, ತುಪ್ಪ ಅದಕ್ಕಿಂತ ಧಾರಾಳ. ತಟ್ಟೆ ಹಿಡಿದು ನಿಂತವರಲ್ಲಿ ಗೆದ್ದವರು ಯಾರು ಸೋತವರು ಯಾರು ಎಂದು ಹೇಳುವುದು ಕಷ್ಟವಿತ್ತು. ಡಾಕ್ಟರು ಎರಡನೇ ಸಲ ಬಡಿಸಿಕೊಂಡರು.

ಕಾರಿನಲ್ಲಿ ಆಡಿಟರು ಮೊದಲ ಸಿಗ್ನಲ್ಲಿನವರೆಗೆ ಸುಮ್ಮನಿದ್ದ. ಆಮೇಲೆ ಹೇಳಿದ: ‘ಕಟ್ಟಿದ ಒಂದು ಲಕ್ಷ ಕಳೆದು ಆರು ನಲವತ್ತು. ಇಸ್ಪೀಟಿನಲ್ಲಿ ಗೆದ್ದದ್ದಕ್ಕೆ ನೂರಕ್ಕೆ ಮೂವತ್ತು ತೆರಿಗೆ, ಅದರ ಮೇಲೆ ನಾಲ್ಕು ಸೆಸ್. ಒಂದು ಲಕ್ಷದ ತೊಂಬತ್ತೊಂಬತ್ತು ಸಾವಿರದ ಆರುನೂರ ಎಂಬತ್ತು.’

‘ಹೋದ ಸಲ ಇದೇ ಮನೆಯಲ್ಲಿ ಎಂಟು ಲಕ್ಷ ಕಳಕೊಂಡೆ ಅಂದಿದ್ಯಲ್ಲೋ, ಅದನ್ನ ವಜಾ ಮಾಡೋ ಹಾಗಿಲ್ವಾ?’

‘ಇಲ್ಲ. ಗೆದ್ದದ್ದು ಆದಾಯ, ಸೋತದ್ದು ನಮ್ಮ ಹಣೆಬರಹ. ಕಾಯ್ದೆ ಹಾಗಿದೆ.’ ಗಿಯರ್ ಬದಲಿಸಿದ. ‘ಸಂಕ್ರಾಂತಿ ಆದ್ಮೇಲೆ ಮತ್ತೆ ಬನ್ನಿ ಅಂದಿದಾರೆ.’

‘ನೀನೇನಂದೆ?’

‘ಅಮ್ಮ ಅಷ್ಟು ಪ್ರೀತಿಯಿಂದ ಹುಗ್ಗಿ ಬಡಿಸ್ತಾ ಇದ್ರು ಕಣ್ಲಾ. ಇಲ್ಲ ಅನ್ನೋಕಾಗತ್ತಾ?’

ರೈಲು ಸರಿಯಾದ ಹೊತ್ತಿಗೆ ಬಂತು. ಅತ್ತೆ ಚೀಲ ಕೆಳಗಿಟ್ಟು ಅಳಿಯನ ಮುಖ ನೋಡಿ ‘ಯಾಕ್ರೀ, ಕಣ್ಣ ಹಿಂಗ ಕೆಂಪಗಾಗ್ಯಾವಲ್ಲ?’ ಎಂದರು. ‘ರಾತ್ರಿಯೆಲ್ಲ ಆಡಿಟ್ ಇತ್ತು ಅತ್ತೇ’ ಎಂದ ಆಡಿಟರು. ಅತ್ತೆ ಬ್ಯಾಂಕಿನಲ್ಲಿ ಕೆಲಸ ಮಾಡಿ ಮ್ಯಾನೇಜರಾಗಿ ನಿವೃತ್ತರಾದವರು. ಡಿಸೆಂಬರಿನಲ್ಲಿ ಬೆಳಗಾಗುವವರೆಗೆ ನಡೆಯುವ ಆಡಿಟ್ ಯಾವುದು ಎಂದು ಅವರು ಕೇಳಬಹುದಿತ್ತು. ಜೊತೆಯಲ್ಲಿ ನಾನೊಬ್ಬ ಹೊರಗಿನವನು ನಿಂತಿದ್ದೆ. ಅವರು ಏನೂ ಕೇಳದೆ ಪೇಢೆಯ ಡಬ್ಬಿ ತೆಗೆದು ಮೊದಲು ನನ್ನ ಮುಂದೆ ಹಿಡಿದರು. ಹುಗ್ಗಿ ಗಂಟಲವರೆಗಿತ್ತು, ಬೇಡ ಎನ್ನಲಾರದೆ ಎರಡು ತೆಗೆದುಕೊಂಡೆ.